ಏಲಕ್ಕಿ ಪೆಟ್ಟಿಗೆಯ ಡ್ರೈವ್

ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸ ಬಿಟ್ಟು ದೋಣಿಗಲ್‌ನಲ್ಲಿ ಮನೆಮನೆಯ ಕಂಪ್ಯೂಟರ್ ರಿಪೇರಿಗೆ ಇಳಿದಿದ್ದ ಕ್ಲೆಮೆಂಟಿನಾಳನ್ನು ಮೆಣಸಿನ ವ್ಯಾಪಾರಿ ರಾಜಶೇಖರ್ ಮೊದಲ ನೋಟಕ್ಕೇ ತೂಗಿದ: ಕಾಳು ಸಣ್ಣದು, ಖಾರ ಜಾಸ್ತಿ.

ಅವನ ಬ್ಯಾಕಪ್ ಡ್ರೈವ್ ತೆರೆಯುತ್ತಿರಲಿಲ್ಲ. ತೀರಿಹೋದ ಹೆಂಡತಿ ಪುಷ್ಪಾಳ ದನಿ ಉಳಿದಿದ್ದುದು ಅದರಲ್ಲಿ ಮಾತ್ರ. ಕ್ಲೆಮೆಂಟಿನಾ ಕೇಬಲ್ ಬದಲಿಸಿ, ಕಿವಿಯಿಟ್ಟು ಕೇಳಿದಳು. ಒಳಗೆ ಟಕ್ ಟಕ್ ಸದ್ದು.

"ಎಲ್ಲಿಟ್ಟಿದ್ರಿ?"

"ಬೂಷ್ಟು ಹಿಡೀಬಾರ್ದು ಅಂತ ಬಲ್ಬ್ ಉರಿಯೋ ಪೆಟ್ಟಿಗೇಲಿ, ಏಲಕ್ಕಿ ಜೊತೆ. ಮೂರು ಮಳೆಗಾಲ."

"ಬೇಯಿಸ್ಬುಟ್ರಲ್ಲ ಮಾರಾಯ್ರೆ! ಇನ್ನು ಓಡಿಸ್ಬೇಡಿ, ಒಳಗಿರೋದನ್ನ ಹೊರಗೆ ತೆಗೆಯೋ ಲ್ಯಾಬಿಗೆ ಕಳ್ಸೋಣ."

"ಒಂದೇ ಸಲ ಕಣಮ್ಮ," ಎಂದು ಅವನು ಚೌಕಾಸಿಗಿಳಿದ. ಅವಳು ಒಪ್ಪಲಿಲ್ಲ. ಅವಳು ನೀರು ಕುಡಿಯಲು ಎದ್ದಾಗ ಅವನೇ ಕೇಬಲ್ ಚುಚ್ಚಿದ. ಡ್ರೈವ್ ಕರಕರ ಎಂದು ಪೂರಾ ಸತ್ತಿತು.

"ಕೆಡಿಸ್ಬುಟ್ಟೆ ನೀನು!" ಎಂದು ಬೀದಿಗೆ ಕೇಳುವಂತೆ ಕೂಗಿದ. ಆಮೇಲೆ ಅವಳನ್ನು ಕರೆಯುವ ಮನೆಗಳು ಕಮ್ಮಿಯಾದವು. ಕೆಡಿಸಿದ್ದು ತಾನೇ ಎಂದು ಅದೇ ಬೀದಿಯಲ್ಲಿ ರಾಜಶೇಖರ್ ಇನ್ನೂ ಹೇಳಬೇಕಿದೆ.