ಟೈಲ್ ಮೇಲಿದ್ದ ನನ್ನದೇ ರಕ್ತ

ದೆವ್ವ, ಸೂಚನೆ ಅಂತ ಯಾರಾದರೂ ಶುರು ಮಾಡಿದರೆ ಎದ್ದು ಹೋಗುತ್ತಿದ್ದವನು ನಾನು. ಕಳಸದ ಸಣ್ಣ ಲ್ಯಾಬೊಂದರಲ್ಲಿ ಟೆಕ್ನೀಷಿಯನ್. ರಕ್ತ ಸುಳ್ಳು ಹೇಳೋದಿಲ್ಲ ಅನ್ನೋದು ನನ್ನ ಜಂಬ. ಅದನ್ನು ನೆನೆದರೆ ಈಗ ನನ್ನ ಮೇಲೇ ಅಸಹ್ಯ.

ಕೆಲವು ವರ್ಷದ ಹಿಂದೆ ಒಂದು ಮಧ್ಯಾಹ್ನ ಸಂಸೆ ಕಡೆಯ ಎಸ್ಟೇಟ್ ಒಂದರಲ್ಲಿ ಲೆಕ್ಕ ಬರೆಯುವ ರೈಟರ್ ರಮೇಶ, ಅವನ ತಾಯಿ, ಹೆಂಡತಿ ಸವಿತಾ ಬಂದರು. ಸವಿತಾಳ ಸೊಂಟದಲ್ಲಿ ಆರು ತಿಂಗಳ ಮಗು. ಆಸ್ಪತ್ರೆ ಚೀಟಿ ಪ್ರಕಾರ ಗಂಡ ಹೆಂಡತಿ ಇಬ್ಬರದೂ ಓ ಗುಂಪು, ಮಗುವಿನದು ಬಿ. ಹಾಗಾದರೆ ಮಗು ಯಾರದು ಅನ್ನೋದು ಮುದುಕಿಯ ಪ್ರಶ್ನೆ.

"ನಮ್ಮನೇದಲ್ಲ ಅಂತ ಒಂದು ಚೀಟಿ ಬರ್ಕೊಡಿ ಮಾರಾಯ್ರೆ, ಇವತ್ತೇ ತವರಿಗೆ ಬಿಟ್ಟು ಬರ್ತೇವೆ" ಅಂದಿತು, ಕೊಳೆತ ಬದನೆ ಅಂಗಡಿಗೆ ವಾಪಸ್ ಕೊಡುವವರ ಹಾಗೆ. ರಮೇಶ ಮೊಬೈಲ್ ನೋಡುತ್ತಾ ನಿಂತಿದ್ದ. ಥೂ, ಎಂಥಾ ಜನ!

ನಾನೇನು ಕಮ್ಮಿಯೇ? ಇಬ್ಬರ ರಕ್ತ ಲ್ಯಾಬಿನ ಬಿಳಿ ಟೈಲ್ ಮೇಲಿಟ್ಟು, ಗುಂಪು ತೋರಿಸುವ ಔಷಧಿ ಬೆರೆಸಿ ನೋಡಿ, ಎರಡೂ ಓ, ಓ-ಓಗೆ ಬಿ ಹುಟ್ಟೋಕೆ ಸಾಧ್ಯವೇ ಇಲ್ಲ ಅಂದೆ. ಮುಖದಲ್ಲಿ ಸಣ್ಣ ನಗು ಬೇರೆ. ರಕ್ತದ ಮೇಲೆ ತೇಲುವ ಹಳದಿ ಸೀರಮ್ಮನ್ನೂ ಗುಂಪು ಗೊತ್ತಿರುವ ಎ, ಬಿ, ಓ ರಕ್ತಕ್ಕೆ ಬೆರೆಸಿ ಉಲ್ಟಾ ಪರೀಕ್ಷೆ ಮಾಡಬೇಕು ಅಂತ ನಿಯಮ ಇದೆ. ಸೋಮಾರಿತನಕ್ಕೆ ನಾನು ಎಂದೂ ಮಾಡಿದವನಲ್ಲ.

ಸವಿತಾ ಅಳಲಿಲ್ಲ. "ಇನ್ನೊಂದ್ಸಲ ನೋಡಿ ಸಾರ್. ಸುಳ್ಳಿದ್ರೆ ನಿಮ್ಮ ಪರೀಕ್ಷೇಲಿರ್ಬೇಕು, ನನ್ನಲ್ಲಲ್ಲ" ಅಂದಳು.

ಅವರನ್ನು ಹೊರಗಿನ ಬೆಂಚಿಗೆ ಕಳಿಸಿದೆ. ಔಷಧಿ ಸರಿಯಿದೆಯಾ ನೋಡೋಣ ಅಂತ, ನಮ್ಮ ರೂಢಿಯಂತೆ ನನ್ನದೇ ಬೆರಳು ಚುಚ್ಚಿಕೊಂಡೆ. ನನ್ನದೂ ಓ. ತೊಳೆದ ಟೈಲ್ ಮೇಲೆ ಬರೀ ಒಂದು ಹನಿ ಇಟ್ಟೆ. ಔಷಧಿ ಹಾಕುವ ಮೊದಲೇ ಬೇಜಾರು ಹತ್ತಿ, ಬೀಗ ಹಾಕಿ, ಪಕ್ಕದಲ್ಲಿ ಚಾ ಕುಡಿದು ಬಂದೆ.

ಬಂದು ನೋಡಿದರೆ ನನ್ನ ರಕ್ತ ಒಡೆದ ಹಾಲಿನ ಹಾಗೆ ಕಣಕಣವಾಗಿತ್ತು, ಸುತ್ತ ತೆಳು ಹಳದಿ ನೀರು. ಒಣಗಿದ್ದಲ್ಲ, ಹೆಪ್ಪುಗಟ್ಟಿದ್ದೂ ಅಲ್ಲ. ದಿನಾ ನೋಡುವವನಿಗೆ ಗೊತ್ತಾಗುವುದಿಲ್ಲವೇ? ಹೊಂದಿಕೆಯಾಗದ ಇನ್ನೊಬ್ಬರ ಸೀರಮ್ ಬೆರೆತರೇ ಹಾಗಾಗುವುದು. ಸವಿತಾಳ ರಕ್ತವಿದ್ದ ಟ್ಯೂಬ್ ಮುಚ್ಚಳ ಹಾಕಿದ್ದು ಹಾಕಿದಂತೆಯೇ ಇತ್ತು.

ಹೆದರುತ್ತಲೇ ಅವಳ ಸೀರಮ್ಮನ್ನು ನನ್ನ ಇನ್ನೊಂದು ಹನಿಗೆ ಬೆರೆಸಿದೆ. ಅದೂ ಒಡೆಯಿತು. ನಿಜವಾದ ಓ ಗುಂಪಿನ ಸೀರಮ್ ಇನ್ನೊಂದು ಓ ರಕ್ತವನ್ನು ಒಡೆಯಬಾರದು. ಚೀಟಿ ಕೊಡೋದಿಲ್ಲ ಅಂತ ಹೇಳಿ ಸ್ಯಾಂಪಲ್ಲನ್ನು ಬೆಂಗಳೂರಿಗೆ ಕಳಿಸಿದೆ. ಅಲ್ಲಿ ಜೀನನ್ನೇ ಓದಿದರು. ಬಿ ಜೀನ್ ಅವಳಲ್ಲೇ ಇತ್ತು. ಅದು ಹೊರಗೆ ಕಾಣಲು ಬೇಕಾದ ಎಚ್ ಅನ್ನೋ ಅಂಶ ಇಲ್ಲದೆ ಓ ಥರ ತೋರಿತ್ತು. ಬಾಂಬೆ ಗುಂಪು ಅನ್ನುತ್ತಾರೆ. ಮಗುವಿಗೆ ಬಿ ಬಂದದ್ದು ತಾಯಿಯಿಂದ.

ವರದಿ ಬಂದ ಮೇಲೆ ಮೂವರನ್ನೂ ಕರೆಸಿ ಓದಿ ಹೇಳಿದಾಗ ಮುದುಕಿ, "ಹಾಗಾದ್ರೆ ರಕ್ತ ಕೆಟ್ಟಿದ್ದು ಇವಳದ್ದೇ ಅಲ್ವಾ" ಅಂದಿತು. ಥೂ ಅನ್ನಿಸಿ ವರದಿಯನ್ನು ಸವಿತಾಳ ಕಡೆ ಚಾಚಿದೆ. ಸವಿತಾ ವರದಿಯನ್ನು ಇಸಕೊಂಡು, ಮಗುವನ್ನೆತ್ತಿಕೊಂಡು, ಗಂಡನ ಕಡೆ ತಿರುಗಿಯೂ ನೋಡದೆ ತವರಿನ ಬಸ್ ಹತ್ತಿದಳು.

ಬೀಗ ಹಾಕಿದ ಲ್ಯಾಬಿನಲ್ಲಿ ಆ ಮೊದಲ ಹನಿಗೆ ಸೀರಮ್ ಹಾಕಿದ್ದು ಯಾರು? ಇವತ್ತಿಗೂ ಗೊತ್ತಿಲ್ಲ. ನಾನಂತೂ ಅಲ್ಲ. ಹಾಕಬೇಕಾಗಿದ್ದವನು ಮಾತ್ರ ನಾನೇ.