ಚಾಂದನಿಯ ಹೆಸರಿನ ಬಾಟಲಿ

ಮೊನ್ನೆ ಸೊಸೆ ಉಗುರುಬಣ್ಣ ಅಳಿಸುತ್ತಾ ಕೂತಿದ್ದಳು. ಆ ಸೀಸೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ತುಮಕೂರಿನ ಮನೆಯಲ್ಲಿದ್ದವನು ಗುಬ್ಬಿಯ ಒಂದು ಕೊಟ್ಟಿಗೆಗೆ ಹೋಗಿಬಿಟ್ಟೆ. ನಿಮಗೆ ಗೊತ್ತಿರಲಿಕ್ಕಿಲ್ಲ, ಕರು ಹಾಕಿ ಹೆಚ್ಚು ಹಾಲು ಕೊಡುವ ಹಸು ಮೇವು ಬಿಟ್ಟರೆ ಒಮ್ಮೊಮ್ಮೆ ಅದರ ಉಸಿರು ಹೀಗೇ ನಾರುತ್ತದೆ. ಮೈಯ ಕೊಬ್ಬು ಕರಗಿ ಕೀಟೋನ್ ಎಂಬುದು ಮೂತ್ರಕ್ಕೆ ಇಳಿಯುತ್ತದೆ. ಆ ಮೂತ್ರವನ್ನು ಒಂದು ಬಿಳಿ ಪುಡಿಯ ಮೇಲೆ ಎರಡು ಹನಿ ಬಿಟ್ಟರೆ ನೇರಳೆ ಬಣ್ಣ.

ತೊಂಬತ್ತರ ದಶಕದಲ್ಲಿ ನಾನು ಅಲ್ಲಿ ದನದ ಡಾಕ್ಟರೊಬ್ಬರ ಸಹಾಯಕ. ಎಸ್ಸೆಸ್ಸೆಲ್ಸಿ ಪಾಸಾದವನೆಂಬ ಜಂಬ ಬೇರೆ. ಮೂತ್ರ ಹಿಡಿಯುವುದು ನನ್ನ ಕೆಲಸ. ಬಾಲದ ಕೆಳಗೆ ಮೆಲ್ಲಗೆ ನೀವುತ್ತಾ ಕಾಯಬೇಕು. ಕೆಲವು ಹಸು ಬೇಗ ಒಪ್ಪುತ್ತವೆ, ಕೆಲವು ನಮ್ಮ ತಾಳ್ಮೆ ಅಳೆಯುತ್ತವೆ.

ಫಾತಿಮಾಬಿಯ ಚಾಂದನಿ ಎರಡನೇ ಜಾತಿ. ಆ ಮನೆಯ ಐದು ಹೊಟ್ಟೆ ಅದೊಂದೇ ಹಸುವನ್ನು ನಂಬಿಕೊಂಡಿದ್ದವು. ಕರು ಹಾಕಿದ ಮೂರು ವಾರಕ್ಕೆ ಅದು ಹಿಂಡಿಯನ್ನೂ ಮೂಸದಾಯಿತು. ಮುಕ್ಕಾಲು ಗಂಟೆ ನೀವಿದೆ, ಹನಿಯಿಲ್ಲ. ನನಗೋ ತಮ್ಮನಿಗೆ ಹೆಣ್ಣು ನೋಡಲು ಕುಣಿಗಲ್ಲಿನ ಬಸ್ಸು ಹಿಡಿಯುವ ಅವಸರ. ಕೊಟ್ಟಿಗೆಯ ಹಿಂದಕ್ಕೆ ಹೋಗಿ ಬಾಟಲಿಗೆ ನನ್ನದನ್ನೇ ತುಂಬಿಸಿದೆ. ಮೇಲೆ ಚಾಂದನಿಯ ಹೆಸರು ಅಂಟಿಸಿದೆ.

ಹೊಟ್ಟೆತುಂಬ ಮುದ್ದೆ ಉಂಡವನ ಮೂತ್ರದಲ್ಲಿ ಯಾವ ಕೀಟೋನ್? ಪುಡಿ ಬೆಳ್ಳಗೇ ಉಳಿಯಿತು.

“ಏನೂ ಇಲ್ಲ ಕಣಯ್ಯ, ಬರೀ ಅಜೀರ್ಣ,” ಎಂದು ಡಾಕ್ಟರು ಹೊಟ್ಟೆಗೆ ಔಷಧಿ ಬರೆದರು. ಎರಡು ದಿನಕ್ಕೆ ಕಾಯಿಲೆ ತಲೆಗೇರಿ ಚಾಂದನಿ ಗೋಡೆಗೆ ತಲೆ ಒತ್ತಿ ನಿಂತಿತು.

ಮೂರನೇ ಬೆಳಿಗ್ಗೆ ಫಾತಿಮಾಬಿ ತಾನೇ ಒಂದು ಬಾಟಲಿ ತಂದಳು. “ಇದನ್ನೊಂದ್ಸಲ ನೋಡಿ ಸಾರ್. ನಾನೇ ಹಿಡ್ದಿದ್ದು.” ಪುಡಿ ನೇರಳೆ ಹಣ್ಣಿನಂತಾಯಿತು. ಡಾಕ್ಟರು ಓಡಿಹೋಗಿ ಗ್ಲುಕೋಸ್ ಏರಿಸಿದರು. ಸಂಜೆಗೆ ಚಾಂದನಿ ಹಿಂಡಿಗೆ ಬಾಯಿ ಹಾಕಿತು.

“ಎರಡೇ ದಿನಕ್ಕೆ ಕಾಯಿಲೆ ಹೆಂಗೆ ತಿರುಗ್ತು ನೋಡಯ್ಯ,” ಎಂದರು ಡಾಕ್ಟರು. ನಾನು ಹೌದೆಂದು ತಲೆಯಾಡಿಸಿದೆ. ಮುಂದೆ ಯಾರ ಕೊಟ್ಟಿಗೆಯಲ್ಲೂ ಅವಸರ ಮಾಡಲಿಲ್ಲ, ನಿಜವನ್ನಂತೂ ಹೇಳಲಿಲ್ಲ.

ನಿನ್ನೆ ಗುಬ್ಬಿ ಬಸ್ಸು ಹತ್ತಿದೆ. ಫಾತಿಮಾಬಿಗೆ ಈಗ ಹಲ್ಲಿಲ್ಲ, ನಗು ಇದೆ. ತಲೆ ತಗ್ಗಿಸಿಕೊಂಡು ಎಲ್ಲ ಹೇಳಿದೆ.

“ಗೊತ್ತಿತ್ತು ಬುಡಣ್ಣ. ಅಡುಗೆಮನೆ ಕಿಟಕಿ ಆ ಕಡೀಕೇ ಐತೆ.”

“ಮತ್ತೆ ಡಾಕ್ಟ್ರಿಗೆ ಯಾಕೆ ಹೇಳ್ಲಿಲ್ಲ?”

“ಹೆಂಗಸು ನಾನು, ಏನಂತ ಹೇಳ್ಲಿ? ಎರಡು ದಿನ ಅನ್ನ ಇಳೀಲಿಲ್ಲ ಕಣಣ್ಣ. ಆಮೇಲೆ ನಾನೇ ಬಾಟ್ಲಿ ಹಿಡ್ಕೊಂಡು ರಾತ್ರಿಯೆಲ್ಲಾ ಅದರ ಹಿಂದೆ ಕೂತೆ.”

ಅವಳು ಮತ್ತೊಂದು ಲೋಟ ಟೀ ಮುಂದಿಟ್ಟಳು.

“ಕುಡಿ. ಅರ್ಜೆಂಟಾದ್ರೆ ಮನೇಲೇ ಬಚ್ಚಲು ಐತೆ, ಕೊಟ್ಟಿಗೆ ಹಿಂದಕ್ಕೆ ಹೋಗ್ಬೇಡ.”