ತಲೆ ಎಣಿಸದ ಗುಹೆ

ನಮ್ಮವರು ಬಾಯಲ್ಲಿ ಬೆರಳಿಟ್ಟರೂ ಕಚ್ಚದ ಮನುಷ್ಯ. ಇಪ್ಪತ್ತೆಂಟು ವರ್ಷದಿಂದ ಗುಹೆಯ ಹೊಸ್ತಿಲಲ್ಲಿ ಯಾತ್ರಿಕರ ಫೋಟೋ ತೆಗೆಯುತ್ತಿದ್ದಾರೆ, ಒಬ್ಬರಿಗೂ ಎದುರು ಮಾತಾಡಿದ್ದು ನಾನು ಕಂಡಿಲ್ಲ. ಜಗಳದ ಕೆಲಸವನ್ನೆಲ್ಲ ನನಗೇ ಬಿಟ್ಟಿದ್ದಾರೆ. ಮೆಟ್ಟಿಲುಗಳ ಬುಡದಲ್ಲಿ ನಮ್ಮದೊಂದು ಕೋಣೆ. ಗುಹೆಯೊಳಗೆ ಮೊಬೈಲ್ ಒಯ್ಯುವಂತಿಲ್ಲವಾದ್ದರಿಂದ ಒಳಹೋಗುವ ಒಬ್ಬೊಬ್ಬರದೂ ಒಂದು ಫೋಟೋ ಅವರು ತೆಗೆಯುತ್ತಾರೆ. ನಾನು ಕೆಳಗೆ ಪ್ರಿಂಟ್ ಹಾಕಿ ಉದ್ದನೆಯ ಮೇಜಿನ ಮೇಲೆ ಹರವುತ್ತೇನೆ. ಇಳಿದು ಬಂದವರು ತಮ್ಮ ತಮ್ಮ ಮುಖ ಹುಡುಕಿ ಎತ್ತಿಕೊಂಡು ಹೋಗುತ್ತಾರೆ.

ಗುಹೆಯ ಕಥೆ ಕುರ್‌ಆನಿನಲ್ಲಿದೆ. ದೇವರೊಬ್ಬನೇ ಎಂದು ನಂಬಿದ ಕೆಲವು ಹುಡುಗರು ತಮ್ಮವರ ಕಾಟ ತಾಳದೆ ಗುಹೆ ಸೇರಿದರು. ದೇವರು ಅವರಿಗೆ ನಿದ್ದೆ ಕೊಟ್ಟ. ಅವರ ಜೊತೆಗಿದ್ದ ನಾಯಿ ಹೊಸ್ತಿಲಲ್ಲಿ ಮುಂಗಾಲು ಚಾಚಿ ಮಲಗಿತು. ಮುನ್ನೂರ ಒಂಬತ್ತು ವರ್ಷ ಕಳೆದು ಎದ್ದವರು, ಎಷ್ಟು ಹೊತ್ತು ಮಲಗಿದ್ದೆವು ಎಂದು ಒಬ್ಬರನ್ನೊಬ್ಬರು ಕೇಳಿಕೊಂಡರು. ಒಂದು ದಿನ, ಇಲ್ಲವೇ ಅದಕ್ಕೂ ಕಡಿಮೆ ಎಂದುಕೊಂಡರು. ಆ ಗುಹೆ ನಮ್ಮದು ಎನ್ನುವ ಊರುಗಳು ಬೇರೆಯೂ ಇವೆ, ಇರಲಿ ಬಿಡಿ. ಹುಡುಗರು ಎಷ್ಟು ಮಂದಿ? ಮೂವರು ಎನ್ನುವವರಿದ್ದಾರೆ, ಐವರು, ಏಳು ಮಂದಿ ಎನ್ನುವವರೂ ಇದ್ದಾರೆ. ಆ ಲೆಕ್ಕ ದೇವರಿಗೆ ಗೊತ್ತು, ವಾದಕ್ಕೆ ಇಳಿಯಬೇಡಿ ಎಂದು ಕುರ್‌ಆನಿನಲ್ಲೇ ಇದೆ. ಅದನ್ನೇ ಹಿಡಿದು ನಮ್ಮ ಗುಡ್ಡದ ಹಿರಿಯರು ಒಂದು ಪದ್ಧತಿ ಮಾಡಿಬಿಟ್ಟರು. ಇಲ್ಲಿ ಯಾರೂ ತಲೆ ಎಣಿಸುವುದಿಲ್ಲ.

ಕೀಲಿ ಇಟ್ಟುಕೊಂಡಿರುವ ಮುದುಕರನ್ನು ನಾವು ಬೀಗದಜ್ಜ ಎನ್ನುತ್ತೇವೆ. ಅವರೆದುರು ಬೆರಳು ಮಡಿಸಿದರೂ ಸಾಕು, ಅಂಥವರು ಮತ್ತೆ ಗುಡ್ಡ ಹತ್ತುವಂತಿಲ್ಲ. ಚಹಾದವನೊಬ್ಬ "ಹದಿಮೂರು ಲೋಟ, ಹದಿಮೂರು ಜನ" ಎಂದು ಕೂಗಿ ಜಾಗ ಕಳೆದುಕೊಂಡ. ಮೆಟ್ಟಿಲು ಎಣಿಸಲು ಮಾತ್ರ ಅಡ್ಡಿಯಿಲ್ಲ. ಎಂಬತ್ತೆರಡು ಇವೆ.

ಅವತ್ತು ಮಧ್ಯಾಹ್ನ ಗುಹೆ ಮುಚ್ಚಬೇಕಿತ್ತು. ಬಾಗಿಲ ಮೇಲಿನ ಬಂಡೆ ಬಿರುಕು ಬಿಟ್ಟಿದ್ದರಿಂದ ಅದನ್ನು ಒಡೆದು ಕೆಡವಲು ಕೆಲಸಗಾರರು ಹಗ್ಗ ಕಟ್ಟಿಕೊಂಡು ಕಾಯುತ್ತಿದ್ದರು. ಕೊನೆಯ ತಂಡ ಎರಡು ಬಸ್ಸಿನದು. ಎಲ್ಲರೂ ಇಳಿದರು, ನಮ್ಮವರೂ ಇಳಿದರು, ಮೇಲೆ ಬೀಗ ಬಿತ್ತು. ಮೇಜಿನ ಮೇಲೆ ಒಂದು ಫೋಟೋ ಉಳಿಯಿತು. ಚೌಕುಳಿ ಶಾಲು ಹೊದ್ದ ಒಬ್ಬ ಮುದುಕಮ್ಮನದು, ಕಣ್ಣು ಮುಚ್ಚಿಹೋಗಿತ್ತು.

ನಾನು ಅದನ್ನು ತಗಡಿನ ಡಬ್ಬಿಗೆ ಹಾಕಲು ಹೋದೆ. ಕಣ್ಣು ಮುಚ್ಚಿದೆ, ಬೇಡ ಎಂದು ಬಿಟ್ಟುಹೋಗುವವರು ದಿನಾ ಇರುತ್ತಾರೆ, ಡಬ್ಬಿ ತುಂಬ ಅಂಥವೇ. ನಮ್ಮವರು ನನ್ನ ಕೈ ಹಿಡಿದರು. ಈ ಅಮ್ಮ ಹೊರಗೆ ಬಂದದ್ದನ್ನು ನೋಡಿದ ನೆನಪಿಲ್ಲ ಎಂದರು. ನಿಮಗೆ ಯಾವುದು ತಾನೇ ನೆನಪಿರುತ್ತದೆ ಎಂದು ನಾನು ರೇಗಿದೆ.

ಅವರು ಫೋಟೋ ಹಿಡಿದು ಬಸ್ಸಿಗೆ ಓಡಿದರು. ಯಾತ್ರೆಗೆ ಕರೆತಂದವನು, ಇವರು ಹಿಂದಿನ ಬಸ್ಸಿನಲ್ಲಿರುತ್ತಾರೆ ಎಂದ. ಹಿಂದಿನ ಬಸ್ಸಿನವರು ಮುಂದಿನದರಲ್ಲಿ ಎಂದರು. ಎಣಿಸಿದರೆ ಅರ್ಧ ನಿಮಿಷದ ಕೆಲಸ. ಆ ಮಹರಾಯ, ಗುಡ್ಡದ ಬುಡದಲ್ಲಿ ಬೇಡ, ದಾರಿಯಲ್ಲಿ ಎಣಿಸ್ತೀನಿ ಎಂದು ಡ್ರೈವರಿಗೆ ಕೈ ಬೀಸಿದ. ಅಷ್ಟರಲ್ಲಿ ಮೇಲಿನಿಂದ ಮೊದಲ ಸುತ್ತಿಗೆ ಏಟು ಕೇಳಿಸಿತು.

ನಮ್ಮವರು ಬಸ್ಸಿನ ಮುಂದೆ ಹೋಗಿ ನಿಂತುಬಿಟ್ಟರು. ಡ್ರೈವರ್ ಹಾರ್ನ್ ಹೊಡೆದ. ಇವರು ಅಲ್ಲಾಡಲಿಲ್ಲ.

"ಮುಖ ನೋಡಿ ಆಗೋವರೆಗೂ ಬಸ್ ಹೊರಡಲ್ಲ," ಎಂದರು. ಆ ಗಂಟಲು ನಮ್ಮವರದೇ ಎಂದು ನಂಬಲು ನನಗೆ ಒಂದು ಕ್ಷಣ ಬೇಕಾಯಿತು.

ಸೀಟಿನಿಂದ ಸೀಟಿಗೆ ಹೋಗಿ ಫೋಟೋವನ್ನು ಒಂದೊಂದು ಮುಖದ ಪಕ್ಕ ಹಿಡಿದು ನೋಡಿದರು. ಒಂದು ಬಸ್ಸು ಮುಗಿಯಿತು, ಇನ್ನೊಂದೂ ಮುಗಿಯಿತು. ಆ ಮುಖ ಇರಲಿಲ್ಲ. ಬಸ್ಸಿನಿಂದ ಇಳಿದದ್ದೇ ನಮ್ಮವರು ಮೆಟ್ಟಿಲು ಹತ್ತತೊಡಗಿದರು. ಅವರ ಮಂಡಿ ಹಾಳಾಗಿ ಮೂರು ವರ್ಷ, ಆದರೂ ನನಗೆ ಅವರನ್ನು ಹಿಡಿಯಲಾಗಲಿಲ್ಲ.

ಮೇಲೆ ಬೀಗದಜ್ಜ ಕೀಲಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ನಿಂತಿದ್ದರು. ಒಳಗೆ ಯಾರೋ ಇದ್ದಾರೆ ಎಂದು ನಮ್ಮವರು ಹೇಳಿದರೆ ಅಜ್ಜನಿಗೆ ಬೇರೆಯೇ ಅರ್ಥವಾಯಿತು.

"ಎಣಿಸಿದ್ಯಾ?"

"ಇಲ್ಲ ಅಜ್ಜ. ಎಲ್ಲರ ಮುಖ ನೋಡಿದೆ. ಈ ಮುಖ ಇಲ್ಲ."

ಅಜ್ಜ ಫೋಟೋ ನೋಡುತ್ತಲೇ ಇದ್ದರು. ತಲೆಯ ಮೇಲಿನಿಂದ ಕಲ್ಲಿನ ಚೂರು ಉದುರುತ್ತಿತ್ತು. ಕೆಲಸಗಾರರು ಸದ್ದಿಗೆ ಹೆದರಿ ಕಿವಿಗೆ ಬಟ್ಟೆ ಕಟ್ಟಿಕೊಂಡಿದ್ದರು, ಎಷ್ಟು ಕೂಗಿದರೂ ಕೇಳದು. ನನಗೆ ಸಿಟ್ಟು ನೆತ್ತಿಗೇರಿತು. ನೀರಿಗಿಳಿದವಳಿಗೆ ಚಳಿಯೇನು ಮಳೆಯೇನು, ಜೋತಾಡುತ್ತಿದ್ದ ಹಗ್ಗದ ತುದಿ ಹಿಡಿದು ಜಗ್ಗಿದೆ. ಮೇಲಿದ್ದವನು ಬೆಚ್ಚಿ ಕೆಳಗೆ ನೋಡಿದ, ಸುತ್ತಿಗೆ ನಿಂತಿತು. ಆ ಮೌನದಲ್ಲಿ ಅಜ್ಜ ಕೀಲಿ ತಿರುಗಿಸಿದರು.

ಮುದುಕಮ್ಮ ಹಿಂದಿನ ಗೂಡಿನಲ್ಲಿ ಶಾಲು ತಲೆಯವರೆಗೆ ಎಳೆದುಕೊಂಡು ಗಾಢ ನಿದ್ದೆಯಲ್ಲಿದ್ದರು. ಕಿವಿ ಮಂದ ಅಂತ ಆಮೇಲೆ ತಿಳಿಯಿತು. ನಮ್ಮವರು ಭುಜ ಮುಟ್ಟಿ ಎಬ್ಬಿಸಿದರು. ಅವರು ಎದ್ದು ಕೂತು, ನಮ್ಮನ್ನೆಲ್ಲ ನೋಡಿ, ಮೆಲ್ಲಗೆ ಕೇಳಿದರು, "ಎಷ್ಟೊತ್ತು ಮಲಗಿದ್ದೆ?"

ಅಜ್ಜ ಕೀಲಿಗೊಂಚಲನ್ನು ನೆಲಕ್ಕಿಟ್ಟು ಅವರೆದುರು ಕೂತುಬಿಟ್ಟರು.

"ಸ್ವಲ್ಪ ಹೊತ್ತು, ಅಮ್ಮ," ಎಂದರು ನಮ್ಮವರು. ಅವರ ಧ್ವನಿ ಮತ್ತೆ ಮೊದಲಿನಂತೆ ಸಣ್ಣದಾಗಿತ್ತು.

ನಾವು ಕೆಳಗೆ ಬಂದ ಮೇಲೆ ಕೆಲಸಗಾರರು ಬಂಡೆ ಕೆಡವಿದರು. ಅದು ನೇರ ಹೊಸ್ತಿಲ ಮೇಲೆ ಬಿತ್ತು. ಅದನ್ನು ತೆಗೆಯಲು ನಾಲ್ಕು ದಿನ ಹಿಡಿಯಿತು.

ಈಗಲೂ ಇಲ್ಲಿ ಯಾರೂ ಎಣಿಸುವುದಿಲ್ಲ. ಆದರೆ ಬೀಗ ಹಾಕುವ ಮೊದಲು ಅಜ್ಜ ಮೇಲಿನಿಂದ ಕೂಗುತ್ತಾರೆ, "ಮೇಜು ಖಾಲಿ ಆಯ್ತೇನಮ್ಮ?" ನಾನು ಹೂಂ ಎನ್ನುವವರೆಗೆ ಕೀಲಿ ತಿರುಗುವುದಿಲ್ಲ. ಬೇಡ ಎನ್ನುವವರೂ ಈಗ ತಮ್ಮ ಫೋಟೋ ಎತ್ತಿಕೊಂಡೇ ಹೋಗಬೇಕು. ಆ ತಗಡಿನ ಡಬ್ಬಿಯನ್ನು ಗುಜರಿಯವನಿಗೆ ಕೊಟ್ಟುಬಿಟ್ಟೆ. ನಮ್ಮವರು ಕೈ ಹಿಡಿಯದಿದ್ದರೆ ಆ ಅಮ್ಮನನ್ನು ಅವತ್ತು ಅದರಲ್ಲಿ ಹಾಕಿ ಮುಚ್ಚಳ ಮುಚ್ಚುತ್ತಿದ್ದವಳು ನಾನೇ.